ಔಷಧಿ ಹೊಡೆದ ಬದು

"ಉಂಡ್ಕಂಡ್ ಓಗ್ಲಾ ಮುದ್ದಪ್ಪ. ಬೋರೆ ಎಲ್ಗೂ ಓಡೋಗಕಿಲ್ಲ."

ದೊಡ್ಡತಾಯಮ್ಮ ಅಂಗಳದ ಕಲ್ಲಿನ ಮೇಲೆ ಕುಡುಗೋಲು ಮಸೆಯುತ್ತ ಕುಳಿತಿದ್ದಳು. ಬೈಕಿಗೆ ಸ್ಟ್ಯಾಂಡ್ ಹಾಕುತ್ತಿದ್ದ ಮುದಸ್ಸಿರ್ ನಕ್ಕ. ಅವನ ಹೆಸರನ್ನು ಅವಳು ಒಂದು ದಿನವೂ ಸರಿಯಾಗಿ ಹೇಳಿದವಳಲ್ಲ. ಮೊಮ್ಮಗ ಚಂದುವಿನ ಜೊತೆ ಅವನು ಮೊದಲ ಸಲ ಈ ಮನೆಗೆ ಬಂದಾಗ ಹೆಸರು ಕೇಳಿದ್ದಳು. ಎರಡು ಸಲ ಹೇಳಿಸಿಕೊಂಡು, ನಾಲಿಗೆ ಹೊರಳದೆ, ಮುದ್ದಪ್ಪ ಎಂದು ತೀರ್ಮಾನ ಮಾಡಿಬಿಟ್ಟಿದ್ದಳು. ಈಗ ಊರಿನ ಅರ್ಧ ಜನಕ್ಕೆ ಅವನು ಮುದ್ದಪ್ಪನೇ.

"ನಾಷ್ಟಾ ಮಾಡ್ಕೊಂಡೇ ಬಂದೆ ಅಜ್ಜಿ."

"ನಾಷ್ಟದಾಗೆ ಒಟ್ಟೆ ತುಂಬ್ತದಾ? ರೊಟ್ಟಿ ಅದೆ, ಉಚ್ಚೆಳ್ಳು ಚಟ್ನಿ ಅದೆ. ಕುಂತ್ಕೊ."

ಕುಳಿತ. ಕೂರದಿದ್ದರೆ ಅಜ್ಜಿ ಬಿಡುತ್ತಿರಲಿಲ್ಲ. ಚಂದುವಿನ ತಾಯಿ ಭೇರ್ಯದ ತವರಿಗೆ ಹೋಗಿದ್ದಳು; ನಾಲ್ಕು ದಿನದಿಂದ ಒಲೆ ಅಜ್ಜಿಯ ಕೈಗೆ ಬಂದು, ಅವಳಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು.

ಹುಣಸೂರಿನಲ್ಲಿ ಮುದಸ್ಸಿರನ ತಂದೆ ನಸೀರ್ ಅವರದು ಬಾಗಿಲು, ಮಂಚಗಳಿಗೆ ಹೂಬಳ್ಳಿ ಕೆತ್ತುವ ಕೆಲಸ. ಮಗನೂ ಅದೇ ಉಳಿ ಹಿಡಿದಿದ್ದ. ಚಂದು ಮತ್ತು ಅವನು ಹೈಸ್ಕೂಲಿನಲ್ಲಿ ಒಂದೇ ಬೆಂಚು, ಶಾಲೆ ಬಿಟ್ಟದ್ದೂ ಒಂದೇ ವರ್ಷ. ಈಗ ಪಿರಿಯಾಪಟ್ಟಣದ ಯಾರೋ ಹೊಸ ಮನೆಗೆ ಬಾಗಿಲು ಹೇಳಿದ್ದರು. ಅಪ್ಪ ಎಂದಿನಂತೆ ಕ್ಯಾಟಲಾಗಿನ ಕಮಲ ತೆಗೆದಿಟ್ಟರು. ಮುದಸ್ಸಿರ್ ಒಪ್ಪಲಿಲ್ಲ. ಈ ಸೀಮೆಯ ಮನೆಗೆ ಈ ಸೀಮೆಯ ಹೂವೇ ಇರಬೇಕು, ಭಾದ್ರಪದದಲ್ಲಿ ಬೋರೆ ತುಂಬ ಹೂವಿರುತ್ತದೆ ಎಂದು ಚಂದು ಹೇಳಿದ್ದಾನೆ, ನೋಡಿಕೊಂಡು ಬರುತ್ತೇನೆ ಎಂದು ಹಟ ಹಿಡಿದು ಬಂದಿದ್ದ.

ಕೊಟ್ಟಿಗೆಯ ಪಕ್ಕ ಚಂದುವಿನ ತಂದೆ ಚಿಕ್ಕಣ್ಣ ಬೆನ್ನಿಗೆ ಹಾಕುವ ಸ್ಪ್ರೇ ಕ್ಯಾನು ತೊಳೆಯುತ್ತಿದ್ದ. ಹನಗೋಡಿನ ಕಡೆಯ ಹತ್ತಾರು ರೈತರಂತೆ ಅವನೂ ಈ ಸಲ ಶುಂಠಿ ಹಾಕಿದ್ದ.

"ಏನ್ರಪ್ಪ, ಗಂಡುಡುಗ್ರು ಊವ ನೋಡಕೆ ಒಂಟ್ರಾ?" ಎಂದ. "ಕಳೆ ನೋಡಕೆ ಪ್ಯಾಟೆಯಿಂದ ಪೆಟ್ರೋಲ್ ಸುಟ್ಕಂಡು ಬರೋನ್ನ ನಿನ್ನೊಬ್ಬುನ್ನೇ ಕಣಪ್ಪ ನಾನ್ ಕಂಡಿರದು."

"ನೀವು ಕಳೆ ಅಂತೀರಿ ಅಂಕಲ್. ನಾನು ಡಿಸೈನ್ ಅಂತೀನಿ."

"ಅಂಗಾದ್ರೆ ನಮ್ ಒಲ್ದಾಗಿರೋ ಡಿಸೈನೆಲ್ಲ ಕಿತ್ಕಂಡೋಗು, ಪುಣ್ಯ ಬತ್ತದೆ." ಚಿಕ್ಕಣ್ಣ ನಗುತ್ತ ಕ್ಯಾನು ಬೋರಲು ಹಾಕಿದ. ಮಗನ ಕಡೆ ತಿರುಗಿ ಹೇಳಿದ: "ನೆನ್ನೆ ಸಂದೆಗೆ ಔಸ್ದಿ ಒಡ್ದೆ. ಇನ್ನೊಂದೀಟು ಉಳ್ಕಂಡದೆ, ಇವತ್ತು ಒಡ್ದು ಮುಗುಸ್ಬೇಕು. ನೀರು ಒತ್ತಾಕಕೆ ಬಿರ್ನೆ ಬಂದ್ಬುಡು."

ಚಂದು ತಲೆಯಾಡಿಸಿದ. ಔಷಧಿ ಎಂದರೆ ಶುಂಠಿಗೆ ಎಂದುಕೊಂಡ. ಗಡ್ಡೆ ಕೊಳೆಯದಿರಲಿ ಎಂದು ಹೊಡೆಯುವುದು ಇದ್ದದ್ದೇ. ಅಜ್ಜಿಯೂ ಕುಡುಗೋಲಿನ ಅಲಗನ್ನು ಹೆಬ್ಬೆರಳಿನಲ್ಲಿ ಸವರಿ ನೋಡುತ್ತ ಆ ಮಾತು ಕೇಳಿಸಿಕೊಂಡಳು.

ಬೋರೆಯೆಂದರೆ ಊರ ಬೆನ್ನಿಗಿರುವ ಗುಡ್ಡ. ಹೊಲಗಳು ಮುಗಿದಲ್ಲಿಂದ ಏರು ಶುರು. ಮೇಲೆ ನಿಂತರೆ ಒಂದು ಕಡೆ ಲಕ್ಷ್ಮಣತೀರ್ಥದ ತಿರುವು, ಇನ್ನೊಂದು ಕಡೆ ದೂರದಲ್ಲಿ ವೀರನಹೊಸಹಳ್ಳಿಯ ಆಚೆಯ ಕಾಡಿನ ಕಪ್ಪು ಗೆರೆ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ದಾರಿಯಲ್ಲಿ ತುಂಬೆ ಬೆಳ್ಳಗೆ ಚೆಲ್ಲಿಕೊಂಡಿತ್ತು. ಕಲ್ಲುಗಳ ಸಂದಿಯಲ್ಲಿ ಕನ್ನೆಯ ನೀಲಿ. ಮೇಲೆ ಹೋದಂತೆ ಅಣ್ಣೆ ಹೂವಿನ ತೆನೆಗಳು, ಬುಡದಲ್ಲಿ ಬಿಳುಪು, ತುದಿಯಲ್ಲಿ ಗುಲಾಬಿ, ಗಾಳಿ ಬಂದ ಕಡೆಗೆಲ್ಲ ಬಗ್ಗುತ್ತಿದ್ದವು. ಮುದಸ್ಸಿರ್ ಒಂದೊಂದರ ಮುಂದೂ ಕುಕ್ಕರಗಾಲಿನಲ್ಲಿ ಕುಳಿತು ಮೊದಲು ಬೆರಳಿನಿಂದ ಅಂಚು ಸವರುತ್ತಿದ್ದ, ಆಮೇಲೆ ಫೋಟೋ ತೆಗೆಯುತ್ತಿದ್ದ.

"ಇದರ ಹೆಸರೇನೋ?" ಬೆರಳುಗುರಿನಷ್ಟು ಹಳದಿ ಹೂವೊಂದನ್ನು ತೋರಿಸಿದ.

"ನಂಗೊತ್ತಿಲ್ಲ. ನಮ್ಮ ಹಸೀಗೆ ಗೊತ್ತು, ತಿನ್ನಲ್ಲ."

"ಲೇ, ಹೆಸರಿಲ್ಲದೆ ಗಿರಾಕಿಗೆ ಏನಂತ ಹೇಳ್ಲಿ?"

"ಚಂದು ಹೂ ಅನ್ನು. ನನ್ನ ಹೆಸರಲ್ಲಿ ಶಾಲೆ ಸರ್ಟಿಫಿಕೇಟಂತೂ ಇಲ್ಲ. ಒಂದು ಹೂವಾದ್ರೂ ಇರ್ಲಿ."

ಬೇಲಿ ಪೊದೆಯೊಂದರಲ್ಲಿ ಗೌರಿ ಹೂವು ಬೆಂಕಿಯ ನಾಲಿಗೆಯಂತೆ ಹೊರಚಾಚಿತ್ತು. ಮುದಸ್ಸಿರ್ ಸುತ್ತ ಬಂದು ನೋಡಿದ, ಕೆಳಗಿನಿಂದ ನೋಡಿದ. "ನಮ್ಮ ಅಬ್ಬಾ ಇದನ್ನ ನೋಡ್ಬೇಕು ಕಣ್ಲಾ. ಮೂವತ್ತು ವರ್ಷದಿಂದ ಒಂದೇ ಕಮಲ ಕೆತ್ತವ್ರೆ" ಎಂದ.

"ಆಚೆ ಇಳಿಜಾರಲ್ಲಿ ಇದು ರಾಶಿ ರಾಶಿ ಇರ್ತದೆ, ಬಾ. ಕಣ್ಣು ಕುಕ್ತದೆ."

ನೆತ್ತಿ ದಾಟಿ ಆಚೆ ಇಳಿದವರು ಹಾಗೆಯೇ ನಿಂತರು.

ಇಳಿಜಾರು ಅರ್ಧ ಹಸಿರಾಗಿತ್ತು, ಅರ್ಧ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ನಡುವೆ ಹಗ್ಗ ಹಿಡಿದು ಎಳೆದಂತೆ ಗೆರೆ. ಬೆಂಕಿ ಬಿದ್ದಿದ್ದರೆ ಕರಿ ಇರಬೇಕಿತ್ತು, ಇರಲಿಲ್ಲ. ಅಣ್ಣೆ ನಿಂತಲ್ಲೇ ತಲೆ ಬಾಗಿಸಿ ಒಣಗಿತ್ತು. ತುಂಬೆಯ ಬುಡ ಕೊಳೆತಂತಿತ್ತು. ಗೌರಿ ಹೂವಿನ ಬಳ್ಳಿ ಹಿಡಿದರೆ ಕೈಯಲ್ಲಿ ಪುಡಿಯಾಯಿತು. ಮಳೆಗಾಲದ ನಟ್ಟ ನಡುವೆ, ಮಳೆ ಬಿದ್ದ ನೆಲದ ಮೇಲೆ, ಒಂದು ಜೇನುನೊಣದ ಸದ್ದೂ ಇರಲಿಲ್ಲ.

"ಏನಾಯ್ತೋ ಇದಕ್ಕೆ?" ಎಂದ ಮುದಸ್ಸಿರ್.

ಚಂದು ಕಲ್ಲಿನ ಹಿಂದೆ ಬಿದ್ದಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಕಾಲಿನಿಂದ ಹೊರಳಿಸಿ ನೋಡಿದ. ಬಿಳಿ ಡಬ್ಬಿ, ಕೆಂಪು ಮುಚ್ಚಳ. ಇಂಥದೇ ಡಬ್ಬಿಯನ್ನು ಬೆಳಿಗ್ಗೆ ಕೊಟ್ಟಿಗೆಯ ಪಕ್ಕ, ಅಪ್ಪನ ಕಾಲ ಬಳಿ ನೋಡಿದ್ದ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಗೊಬ್ಬರದಂಗಡಿಯವನು ಇದನ್ನು ಕಳೆ ಔಷಧಿ ಎಂದು ಕೊಡುತ್ತಾನೆ. ಶುಂಠಿಯ ರೋಗಕ್ಕೆ ಕೊಡುವುದೂ ಔಷಧಿ, ಹುಳಕ್ಕೆ ಕೊಡುವುದೂ ಔಷಧಿ, ಅಜ್ಜಿಯ ಮಂಡಿನೋವಿಗೆ ಆಸ್ಪತ್ರೆಯಲ್ಲಿ ಕೊಡುವುದೂ ಔಷಧಿ. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ಈ ಊರಿನಲ್ಲಿ ಒಂದೇ ಹೆಸರು.

"ನೆನ್ನೆ ಅಪ್ಪ ಹೊಡ್ದಿದ್ದು ಶುಂಠಿಗಲ್ಲ" ಎಂದ ಚಂದು ನಿಧಾನವಾಗಿ. "ಬದಕ್ಕೆ. ಬೆಳಿಗ್ಗೆ ಅಲ್ಲಿ ವಾಸ್ನೆ ಬಂತಲ್ಲ. ಇಲ್ಲಿಗೆ ಹೋದ ವಾರವೇ ಹೊಡ್ದವ್ನೆ, ಇವತ್ತು ಹೊಡೀತೀನಿ ಅಂದಿದ್ದು ಬೋರೆ ಉಳಿದರ್ಧಕ್ಕೆ."

"ಬದು ಬೆಳಿಗ್ಗೆ ನೋಡಿದ್ವಲ್ಲೋ, ಹಸುರಾಗೇ ಇತ್ತು."

"ನಾಕೈದು ದಿನ ಹಸುರಾಗೇ ಇರ್ತದೆ. ಆಮೇಲೆ ಸಾಯ್ತದೆ. ಅದೇ ಕಣ್ಲಾ ಅದರ..."

ಮಾತು ಅಲ್ಲೇ ನಿಂತಿತು. ಕೆಳಗೆ, ದೂರದಲ್ಲಿ, ತಮ್ಮ ಹೊಲದ ಬದುವಿನ ಮೇಲೆ ಒಂದು ಕೆಂಪು ಸೀರೆ ಬಗ್ಗಿತ್ತು. ಬಗ್ಗಿ ಕುಯ್ಯುವುದು, ಎದ್ದು ಮಡಿಲಿಗೆ ತುಂಬುವುದು, ಮತ್ತೆ ಬಗ್ಗುವುದು. ಮೊಮ್ಮಗನಿಗೆ ಅಷ್ಟು ದೂರದಿಂದಲೂ ಆ ಬೆನ್ನು ಗುರುತು ಸಿಕ್ಕಿತು. ಮಳೆಗಾಲವಿಡೀ ಅಜ್ಜಿ ಬದುವಿನಿಂದಲೇ ಬೆರಕೆ ಸೊಪ್ಪು ತರುವುದು: ಅಣ್ಣೆ, ಕನ್ನೆ, ಗಣಿಕೆ, ಕೀರೆ, ಕೈಗೆ ಸಿಕ್ಕಿದ್ದೆಲ್ಲ ಸೇರಿಸಿ ಒಂದು ಸಾರು. ಆ ಸಾರಿಗೇ ಬೆಳಿಗ್ಗೆ ಕುಡುಗೋಲು ಮಸೆದದ್ದು.

"ಅಜ್ಜೀ!"

ಗಾಳಿ ಎದುರಿಗಿತ್ತು. ಕೂಗು ಅವರ ಮುಖಕ್ಕೇ ಬಡಿಯಿತು. ಇಬ್ಬರೂ ಓಡಿದರು. ದಾರಿ ಬಿಟ್ಟು, ಲಂಟಾನದ ಮುಳ್ಳಿಗೆ ಮೈ ತರಚಿಸಿಕೊಂಡು, ಜಾರಿದಲ್ಲಿ ಕೈಯೂರಿ ಓಡಿದರು. ಬದುವಿಗೆ ಬಂದಾಗ ಅಲ್ಲಿ ಕುಯ್ದ ಬುಡಗಳು ಮಾತ್ರ ಇದ್ದವು.

ಮನೆಯಲ್ಲಿ ದೊಡ್ಡತಾಯಮ್ಮ ಮೊರದಲ್ಲಿ ಸೊಪ್ಪು ಸುರಿದುಕೊಂಡು ಬಿಡಿಸುತ್ತಿದ್ದಳು. ಒಲೆಯ ಮೇಲೆ ಎಸರಿಗೆ ನೀರಿಟ್ಟಿತ್ತು. ಚಂದು ಉಸಿರು ಕಟ್ಟಿದಂತೆ ಬಂದು ಮೊರ ಕಿತ್ತುಕೊಂಡ.

"ಯಾಕ್ಲಾ? ದೆವ್ವ ಮೆಟ್ಕತಾ?"

"ಅಪ್ಪ ನೆನ್ನೆ ಬದಕ್ಕೆ ಔಷಧಿ ಹೊಡ್ದವ್ನೆ ಅಜ್ಜಿ!"

"ನಂಗೊತ್ತು ಕಣ್ಲಾ. ಬದದ ಮ್ಯಾಲೆ ವಾಸ್ನೆ ಬತ್ತಿತ್ತು." ಅಜ್ಜಿ ಶಾಂತವಾಗಿ ಹೇಳಿದಳು. "ಅದುಕ್ಕೇ ಅಲ್ಲೇ ಕುಯ್ಕಂಡೆ. ಔಸ್ದಿ ಬಿದ್ದಿರೋ ಸೊಪ್ಪುಗೆ ಉಳ ಇರಕಿಲ್ಲ. ಚಿಕ್ಕಬೀರಮ್ಮಂಗೂ ಅದುನ್ನೇ ಏಳಿ ಮೊದ್ಲು ಕುಯ್ದ ಮಡ್ಲು ಕೊಟ್ಟೆ, ಪಾಪ, ದಾರೀಲಿ ಸಿಕ್ಕುದ್ಲು."

ಮುದಸ್ಸಿರ್ ಅಷ್ಟರಲ್ಲೇ ಹೊರಗೆ ಓಡಿದ್ದ. ಚಿಕ್ಕಬೀರಮ್ಮನ ಮನೆ ಬೀದಿಯ ಕೊನೆಯಲ್ಲಿ. ಚಂದು ಅವನನ್ನು ಹಿಂದೆ ಹಾಕಿ ನೇರ ಅಡುಗೆ ಕೋಣೆಗೆ ನುಗ್ಗಿದ. ಸೊಪ್ಪು ಬೆಂದು, ಬೆಳ್ಳುಳ್ಳಿಯ ಘಮ ಮನೆ ತುಂಬಿತ್ತು. ತಟ್ಟೆಯಲ್ಲಿ ಮುದ್ದೆ ಹಾಕಿಟ್ಟಿತ್ತು, ಸಾರು ಬಡಿಸುವುದೊಂದೇ ಬಾಕಿ. ಕೇಳಲಿಲ್ಲ, ಹೇಳಲಿಲ್ಲ. ಬಟ್ಟೆಯಲ್ಲಿ ಪಾತ್ರೆಯ ಕಂಠ ಹಿಡಿದು ಹಿತ್ತಲಿಗೆ ಒಯ್ದು ಬೋರಲು ಹಾಕಿದ.

"ಅಯ್ಯೋ ನಿನ್ ಕೈ ಸೇದೋಗ!" ಚಿಕ್ಕಬೀರಮ್ಮ ಎದೆ ಬಡಿದುಕೊಂಡಳು. "ಉಣ್ಣಕೆ ಕುಂತೋರ ಸಾರು ಚೆಲ್ತಾನಲ್ರಪ್ಪೋ! ಮದ್ಯಾನಕ್ಕೇ ಕುಡ್ದಿದ್ದೀಯೇನ್ಲಾ?"

ಬೀದಿ ಸೇರಿತು. "ಒಂಬತ್ತನೇ ಕ್ಲಾಸ್ಗೆ ಶಾಲೆ ಬುಟ್ಟೋನು, ಇನ್ನೇನ್ ಬತ್ತದೆ ಬುದ್ಧಿ" ಎಂದನೊಬ್ಬ. "ಆ ಪ್ಯಾಟೆ ಉಡುಗನ ಸವಾಸ ಕಣ್ರೀ" ಎಂದ ಇನ್ನೊಬ್ಬ.

"ಸವಾಸದ ವಿಚಾರ ಆಮೇಲೆ ಮಾತಾಡನ ಅಣ್ಣ," ಎಂದ ಮುದಸ್ಸಿರ್, "ಮೊದ್ಲು ಆ ಕೋಳಿಗಳನ್ನ ಅಟ್ಟಿ. ಸೊಪ್ಪಿಗೆ ಬಾಯಿ ಹಾಕ್ತಾವೆ."

ಗದ್ದಲ ಕೇಳಿ ಚಿಕ್ಕಣ್ಣ ಬಂದ. ಬೋರೆಗೆ ಹೊರಟವನು, ಬೆನ್ನಿನಲ್ಲಿ ಕ್ಯಾನು ಇತ್ತು. ವಿಷಯ ತಿಳಿದು ಅವನ ಮುಖ ಮೊದಲು ಬಿಳುಚಿತು, ಆಮೇಲೆ ಜನ ನೋಡಿ ಕೆಂಪಗಾಯಿತು.

"ಅದ್ಕೆ ಇಷ್ಟೊಂದು ರಾದ್ಧಾಂತವಾ? ಚೆನ್ನಾಗಿ ತೊಳುದ್ರೆ ಓಯ್ತದೆ. ಔಸ್ದಿ ಕಣ್ಲಾ ಅದು."

"ಔಷಧಿ ಅನ್ಬೇಡ."

"ಏನಂದೆ?"

"ಔಷಧಿ ಅನ್ಬೇಡ ಅಂದೆ." ಚಂದು ಪಾತ್ರೆ ಹಿಡಿದಿದ್ದ ಬಟ್ಟೆಯನ್ನು ಕೆಳಗೆಸೆದ. "ಹೋದ ವರ್ಷ ಇದೇ ಬೀದೀಲಿ ನಿಂಗಯ್ಯ ಮಾವ ಏನು ಕುಡ್ದು ಸತ್ತ? ಔಷಧಿ ಕುಡ್ದ ಅಂದ್ರಿ ಎಲ್ಲಾರೂವೆ. ಔಷಧಿ ಕುಡಿದೋನು ಬದುಕ್ಬೇಕಲ್ವಾ? ಅವತ್ತು ಅದರರ್ಥ ಎಲ್ಲಾರ್ಗೂ ಆಯ್ತು. ಬದಕ್ಕೆ ಹೊಡೆಯುವಾಗ ಮಾತ್ರ ಯಾಕಪ್ಪ ಅರ್ಥ ಆಗಲ್ಲ?"

ಜನ ಚಿಕ್ಕಣ್ಣನ ಬೆನ್ನಿನ ಕ್ಯಾನಿನ ಕಡೆ ತಿರುಗಿದರು.

"ಯಾರ್ಗೇನಾಗದೆ ಈಗ?" ಚಿಕ್ಕಣ್ಣ ಗಟ್ಟಿಸಿ ಕೇಳಿದ. "ಏನೂ ಆಗಿಲ್ವಲ್ಲ?"

"ಆಗ್ತಿತ್ತೋ ಇಲ್ವೋ ನಂಗೂ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಗೊತ್ತಿಲ್ದಿದ್ದನ್ನ ಅಜ್ಜಿ ತಟ್ಟೆಗೆ ಹಾಕಿ ನೋಡ್ತೀಯಾ?"

"ನಾನೇನ್ ಮೋಜ್ಗೆ ಒಡೀತೀನೇನ್ಲಾ?" ಚಿಕ್ಕಣ್ಣ ಬೀದಿಯ ಮನೆಗಳತ್ತ ಕೈ ತೋರಿಸಿದ. "ಕಳೆ ಕೀಳಕೆ ಬರ್ರವ್ವ ಅಂತ ಮನೆಮನೆಗೂ ಓದೆ. ಯಾರ್ ಬಂದ್ರು? ಎಲ್ಲಾ ಗಾಡಿ ಅತ್ಕಂಡು ಕೊಡಗಿನ ತೋಟಕ್ಕೋದ್ರು. ಒಬ್ನೇ ಎಷ್ಟ್ ಬಗ್ಗಲಿ? ರಾತ್ರಿ ಒರ್ಳಕಾಯ್ತದಾ ನಂಗೆ, ಕೇಳಿದ್ದೀಯಾ ಒಂದಿನ? ಬೋರೆ ಕಳೆ ಬುಟ್ರೆ ಬೀಜ ಆರ್ಕಂಡು ಬಂದು ಶುಂಟಿಗೇ ಬೀಳದು. ಊವ ನೋಡಕೆ ಟೈಮದೆ ನಿಂಗೆ. ಕಳೆ ಕೀಳಕೆ ಬತ್ತೀಯಾ?"

ಆ ಮಾತು ನಾಟಿತು. ಅದರಲ್ಲಿ ಸುಳ್ಳಿರಲಿಲ್ಲ. ಕ್ಯಾನಿಗೆ ನೀರು ಹೊತ್ತು ತಂದು ಹಾಕುವುದು ಬಿಟ್ಟರೆ ಆ ಹೊಲದಲ್ಲಿ ಚಂದು ಬಗ್ಗಿದ್ದು ಕಡಿಮೆಯೇ.

"ಬತ್ತೀನಿ" ಎಂದ. "ನಾಳೆಯಿಂದ ನಾನೇ ಆಳು. ಆದ್ರೆ ಆ ಕ್ಯಾನು ಇವತ್ತು ಬೋರೆ ಹತ್ತಲ್ಲ."

ಹೇಳಿದವನೇ ಮುಂದೆ ಬಂದು ಅಪ್ಪನ ಹೆಗಲಿನ ಪಟ್ಟಿಗೆ ಕೈ ಹಾಕಿದ. ನಾಲ್ಕು ಜನರ ಎದುರು ಮಗ ಮೈಮೇಲೆ ಕೈ ಇಟ್ಟಿದ್ದು ಚಿಕ್ಕಣ್ಣನಿಗೆ ತಡೆಯಲಾಗಲಿಲ್ಲ. ಕೈ ಎತ್ತಿದ.

"ಒಡ್ದ್ಬುಡ್ತೀನಿ ನೋಡು!"

"ಹೊಡಿ." ಚಂದು ಅಲುಗಲಿಲ್ಲ. "ನನಗೆ ಎಷ್ಟು ಬೇಕಾದ್ರೂ ಹೊಡಿ. ಬೋರೆಗೆ ಹೊಡೀಬೇಡ."

ಎತ್ತಿದ ಕೈ ಹಾಗೆಯೇ ನಿಂತಿತ್ತು. ಆಗ ದೊಡ್ಡತಾಯಮ್ಮ ಜನ ಸರಿಸಿಕೊಂಡು ಬಂದಳು. ಅವಳ ಮಡಿಲಿನ ಸೀರೆ ಸೊಪ್ಪಿನ ರಸಕ್ಕೆ ಇನ್ನೂ ಹಸಿರಾಗಿತ್ತು. ಮಗನ ಮುಖವನ್ನೇ ನೋಡಿದಳು. ಬೈಯುತ್ತಾಳೆಂದು ಎಲ್ಲರೂ ಕಾದರು.

"ಔಸ್ದಿ ಅಂದ್ಯಲ್ಲೋ ಚಿಕ್ಕ" ಎಂದಳು. "ಔಸ್ದಿ ಅಂದ್ಮ್ಯಾಕೆ ಒಳ್ಳೇದು ಅಂದ್ಕಂಡೆ. ಬದದ ಸೊಪ್ಪೇ ಉಣ್ಸಿ ನಿನ್ನ ಸಾಕಿದ್ದು ನಾನು. ನನ್ ಕೈಯಾರೆ ಬೀರಮ್ಮನ ಮಡ್ಲುಗೆ ಸುರ್ದೆನಲ್ಲೋ. ಇಸ ಅಂತ ಒಂದ್ ಮಾತು ಏಳಿದ್ರೆ ಕುಯ್ತಿದ್ನಾ?"

ಚಿಕ್ಕಣ್ಣನ ಕೈ ಕೆಳಗೆ ಬಂತು. ಪಟ್ಟಿಯಿಂದ ಒಂದೊಂದೇ ತೋಳು ಬಿಡಿಸಿಕೊಂಡು, ಕ್ಯಾನನ್ನು ಚಿಕ್ಕಬೀರಮ್ಮನ ಜಗಲಿಯ ಕೆಳಗೆ ಇಟ್ಟು, ಯಾರ ಮುಖವನ್ನೂ ನೋಡದೆ ಹೊಲದ ಕಡೆಗೆ ಹೊರಟುಹೋದ.

ಚಂದು ಅಜ್ಜಿಯನ್ನು ಮನೆಗೆ ಕರೆತಂದು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಸೋಪು ಹಚ್ಚಿ ಅವಳ ಕೈ ತೊಳೆದ. ಒಂದು ಸಲ ತೊಳೆದು ಮತ್ತೆ ಹಚ್ಚಿದ. ಉಗುರಿನ ಸಂದಿಯ ಹಸಿರು ಬೇಗ ಹೋಗಲಿಲ್ಲ. "ಸಾಕು ಬುಡ್ಲಾ, ಚರ್ಮ ಕಿತ್ತೋಯ್ತದೆ" ಎಂದು ಅಜ್ಜಿ ಗೊಣಗಿದಳು, ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಮುದಸ್ಸಿರ್ ಚಿಕ್ಕಬೀರಮ್ಮನ ಹಿತ್ತಲಿನಲ್ಲಿ ಗುಂಡಿ ತೋಡಿ ಚೆಲ್ಲಿದ ಸಾರನ್ನೂ ಸೊಪ್ಪನ್ನೂ ಮುಚ್ಚಿ ಬಂದ. ಅವಳು ಮೊದಲು ಅವನಿಗೂ ಬೈದು, ಆಮೇಲೆ ಒಂದು ಲೋಟ ಮಜ್ಜಿಗೆ ಕೊಟ್ಟಿದ್ದಳು.

ಬಿಸಿಲಿಳಿದ ಮೇಲೆ ಮುದಸ್ಸಿರ್ ಬೈಕ್ ಹತ್ತಿದ. ಫೋನಿನಲ್ಲಿದ್ದ ಫೋಟೋಗಳನ್ನು ಇನ್ನೊಮ್ಮೆ ನೋಡಿದ. ಗೌರಿ ಹೂವು ಚೆನ್ನಾಗಿ ಬಂದಿತ್ತು. ಆದರೂ ಅಣ್ಣೆಯ ಫೋಟೋದ ಮೇಲೆ ಬೆರಳಿಟ್ಟು ಹೇಳಿದ: "ಬಾಗಿಲಿಗೆ ಇದನ್ನೇ ಕೆತ್ತೋದು. ಹೂವೂ ಹೌದು, ಊಟಾನೂ ಹೌದು. ಅಬ್ಬಾ ಬೈದ್ರೆ ಬೈಲಿ."

"ಇವತ್ತು ನಿಂಗೂ ಬೈಸ್ದೆ ಕಣ್ಲಾ ನಾನು."

"ಮುದ್ದಪ್ಪ ಅನ್ಸ್ಕೊಂಡೋನಿಗೆ ಅದೇನು ಮಹಾ? ಭಾನುವಾರ ಬರ್ತೀನಿ. ನನಗೂ ಒಂದು ಕುಡ್ಲು ಮಸ್ದಿಡು. ಉಳಿ ಹಿಡಿಯೋ ಕೈಗೆ ಕಳೆ ಯಾವ ಲೆಕ್ಕ?" ಎಂದು ಕಿಕ್ಕರಿಗೆ ಕಾಲಿಟ್ಟವನು ತಟ್ಟನೆ ನಿಲ್ಲಿಸಿದ. "ಶ್! ಕೇಳು."

ಬೀದಿಯ ಆ ತುದಿಯಿಂದ ಒಂದು ದನಿ ಬರುತ್ತಿತ್ತು. ಚಿಕ್ಕಣ್ಣನ ದನಿ.

"ಚಿಕ್ಕಬೀರವ್ವಾ... ನಮ್ ಒಲದ ಬದಕ್ಕೆ ಔಸ್..."

ದನಿ ನಿಂತಿತು. ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ಮತ್ತೆ ಶುರುವಾದಾಗ ಅದು ಗಟ್ಟಿಯಾಗಿತ್ತು.

"ನಮ್ ಒಲದ ಬದಕ್ಕೆ, ಬೋರೆ ಅಂಚ್ಗೆ ಇಸ ಒಡ್ದಿವ್ನಿ ಕಣವ್ವ. ಸೊಪ್ಪು ಕುಯ್ಬ್ಯಾಡಿ. ದನ ಬುಡ್ಬ್ಯಾಡಿ."

ಮುಂದಿನ ಮನೆ. ಅದರ ಮುಂದಿನ ಮನೆ. ಪ್ರತಿ ಬಾಗಿಲಿನಲ್ಲೂ ಅವನು ನಿಂತು ಅದನ್ನೇ ಹೇಳಿದ, ಪ್ರತಿ ಸಲವೂ ಆ ಮಾತಿನ ಮುಂದೆ ಒಂದು ಉಸಿರು ನಿಂತು ಹೇಳಿದ. ಒಂದು ಜಗಲಿಯಿಂದ ಯಾರೋ ನಕ್ಕರು: "ಇಸ ಅಂತ ಗೊತ್ತಿದ್ಮ್ಯಾಕೆ ಯಾಕ್ಲಾ ಒಡ್ದೆ ಚಿಕ್ಕಣ್ಣ?" ಚಿಕ್ಕಣ್ಣ ಮುಂದಿನ ಬಾಗಿಲಿಗೆ ನಡೆದ.

ಬೀದಿ ಮುಗಿಯಿತು. ತನ್ನ ಮನೆಯ ಮುಂದೆ ಬಂದ. ಬೈಕಿನ ಬಳಿ ಇದ್ದ ಇಬ್ಬರನ್ನೂ ದಾಟಿದ, ಮಗನ ಮುಖ ನೋಡಲಿಲ್ಲ. ಸೀದಾ ಒಳಗೆ ಹೋಗುತ್ತಾನೆ ಎಂದುಕೊಂಡರೆ, ಹೊಸ್ತಿಲಿನ ಹೊರಗೇ ನಿಂತ. ಬೇರೆಯವರ ಮನೆ ಬಾಗಿಲಿನಲ್ಲಿ ನಿಂತ ಹಾಗೆಯೇ ಕೂಗಿದ:

"ಅವ್ವಾ... ನಮ್ ಬದಕ್ಕೆ ಇಸ ಒಡ್ದಿವ್ನಿ. ಸೊಪ್ಪು ಕುಯ್ಬ್ಯಾಡ."

ಒಳಗೆ ಪಾತ್ರೆಯ ಸದ್ದು ನಿಂತಿತು. ದೊಡ್ಡತಾಯಮ್ಮನ ದನಿ ಬಂತು.

"ಊಂ, ಕೇಳುಸ್ತು. ಕೈ ತೊಳ್ಕಂಡು ಬಾ, ಉಣ್ಣೀವಂತೆ."

ಚಂದು ಅಂಗಳದ ಕಲ್ಲಿನ ಮುಂದೆ ಕುಳಿತು ಅಜ್ಜಿಯ ಕುಡುಗೋಲು ಕೈಗೆತ್ತಿಕೊಂಡ. ಮಸೆಯತೊಡಗಿದ.